ಕಲಬುರಗಿ ಸೀಮೆಯ ಕ್ರೈಸ್ತ ಬದುಕು

ಕಲಬುರಗಿ, ಕಮಲಾಪುರ, ಹುಮನಾಬಾದ್, ಬೀದರ್ ಮತ್ತು ಯಾದಗಿರಿಗಳ ಸುತ್ತಿನ ಸೀಮೆಯಲ್ಲಿ ಯೇಸುಕ್ರಿಸ್ತನ ಬೋಧನೆಯನ್ನು ದಿನದ ಬಾಳಿಗೆ ಇಳಿಸಿಕೊಳ್ಳುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ನಡೆದುಬಂದಿದೆ. ಕರಾವಳಿಯ ಕ್ರೈಸ್ತರ ಇತಿಹಾಸ ಬರಹಕ್ಕೆ ಸಿಕ್ಕಷ್ಟು ಇದು ಸಿಕ್ಕಿಲ್ಲ. ಮಂಗಳೂರಿನ ಹೆಂಚಿನ ಕಾರ್ಖಾನೆಯಂಥದ್ದಾಗಲಿ, ಬಾಸೆಲ್ ಮಿಶನ್ ಮುದ್ರಣಾಲಯದಂಥದ್ದಾಗಲಿ, ಕಿಟ್ಟೆಲ್ ಕೋಶದಂಥ ಗ್ರಂಥವಾಗಲಿ ಇಲ್ಲಿ ಹುಟ್ಟಲಿಲ್ಲ. ಇಲ್ಲಿ ಸಭೆ ಸೇರಿದವರಲ್ಲಿ ಬಹುಪಾಲು ಜನ ಪರರ ಹೊಲದಲ್ಲಿ ದುಡಿಯುವವರು. ಹಾಗಾಗಿ ಅವರ ನಂಬಿಕೆಯ ಪರೀಕ್ಷೆ ನಡೆದದ್ದು ಊಟದ ಪಂಕ್ತಿಯಲ್ಲಿ, ಕೂಲಿಯ ಲೆಕ್ಕದಲ್ಲಿ, ಸೇಂದಿ ಅಂಗಡಿಯ ಮುಂದೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ.

ಕಲಬುರಗಿ ಮೊದಲೇ ಧರ್ಮಗಳ ಊರು. ಬಹಮನಿ ಸುಲ್ತಾನರ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ. ಕೋಟೆಯ ಹೊರಗೆ ಖ್ವಾಜಾ ಬಂದೇ ನವಾಜರ ದರ್ಗಾ ಇದೆ, ಶರಣಬಸವೇಶ್ವರರ ಗುಡಿ ಇದೆ. ಶರಣಬಸವೇಶ್ವರರು ಹೆಸರಾದದ್ದೇ ದಾಸೋಹದಿಂದ. ಅಲ್ಲಿಂದ ಉತ್ತರಕ್ಕೆ ಹೋದರೆ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ. ಇಂಥ ನೆಲದಲ್ಲಿ ಯಾವುದೇ ಧರ್ಮವನ್ನು ಜನ ಅಳೆಯುವುದು ಅದು ಯಾರನ್ನು ಉಣ್ಣಿಸಿತು, ಯಾರ ಜೊತೆ ಕೂತು ಉಂಡಿತು ಎಂಬುದರಿಂದ. ತಡವಾಗಿ ಬಂದ ಕ್ರೈಸ್ತ ಸಭೆಯನ್ನೂ ನೆರೆಹೊರೆಯವರು ಈ ಅಳತೆಗೋಲಿನಿಂದಲೇ ನೋಡಿದರು.

ಬೋಧನೆಯ ತಿರುಳು

ಕ್ರೈಸ್ತ ಜೀವನದ ಮೂಲಪಾಠವೆಂದು ಎಲ್ಲ ಪಂಗಡಗಳೂ ಒಪ್ಪುವುದು ಮತ್ತಾಯನ ಸುವಾರ್ತೆಯ 5, 6 ಮತ್ತು 7ನೆಯ ಅಧ್ಯಾಯಗಳಲ್ಲಿರುವ ಪರ್ವತ ಪ್ರಸಂಗವನ್ನು. ಕೊಲೆ ಮಾಡದಿದ್ದರೆ ಸಾಲದು, ಮನಸ್ಸಿನಲ್ಲಿ ಇಟ್ಟುಕೊಂಡ ಸಿಟ್ಟಿಗೂ ಲೆಕ್ಕ ಕೊಡಬೇಕು ಎನ್ನುತ್ತದೆ ಅದು. ಕಾಣಿಕೆ ತಂದವನಿಗೆ ತಮ್ಮನ ಜೊತೆಗಿನ ಜಗಳ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು. ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ನಾಲ್ಕು ಜನ ನೋಡಲಿ ಎಂದು ಮಾಡಬಾರದು. ವೈರಿಯನ್ನೂ ಪ್ರೀತಿಸಬೇಕು. ದೇವರು ಮತ್ತು ದುಡ್ಡು, ಎರಡಕ್ಕೂ ಒಟ್ಟಿಗೆ ಊಳಿಗ ಮಾಡಲಾಗದು. ಪ್ರಸಂಗ ಮುಗಿಯುವುದು ಬಂಡೆಯ ಮೇಲೂ ಮರಳಿನ ಮೇಲೂ ಮನೆ ಕಟ್ಟಿದ ಇಬ್ಬರ ಕಥೆಯಿಂದ. ಇಬ್ಬರೂ ಮಾತು ಕೇಳಿಸಿಕೊಂಡವರೇ, ಕೇಳಿದಂತೆ ನಡೆದವನು ಮಾತ್ರ ಒಬ್ಬ.

ಇದಕ್ಕೆ ಸಾಮತಿಗಳು ಸೇರುತ್ತವೆ. ದಾರಿಯಲ್ಲಿ ಬಿದ್ದ ಗಾಯಾಳುವನ್ನು ಯಾಜಕನೂ ಲೇವಿಯನೂ ದಾಟಿಹೋದಾಗ ಕೀಳೆಂದು ಎಣಿಸಲಾಗಿದ್ದ ಸಮಾರ್ಯದವನು ಎತ್ತಿಕೊಂಡ ಕಥೆ ಲೂಕನ 10ನೆಯ ಅಧ್ಯಾಯದಲ್ಲಿದೆ. ಮತ್ತಾಯನ 25ನೆಯ ಅಧ್ಯಾಯದ ತೀರ್ಪಿನ ದೃಶ್ಯದಲ್ಲಿ ಕೇಳುವ ಪ್ರಶ್ನೆಗಳು ಬಹಳ ಸರಳ: ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿದ್ದವರು ಇವರಿಗೆ ಏನು ಮಾಡಿದೆ ಎಂಬುದಷ್ಟೇ. ಕಲಬುರಗಿ ಸೀಮೆಗೆ ಹತ್ತಿರವಾಗಿ ಕೇಳಿಸುವ ಇನ್ನೊಂದು ಕಥೆ ಲೂಕನ 19ನೆಯ ಅಧ್ಯಾಯದ ಜಕ್ಕಾಯನದು. ಸುಂಕದವರ ಮುಖ್ಯಸ್ಥನಾಗಿದ್ದ ಅವನು ಯೇಸು ತನ್ನ ಮನೆಗೆ ಬಂದ ದಿನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಿತ್ತುಕೊಂಡಿದ್ದನ್ನು ನಾಲ್ಕು ಪಟ್ಟು ತಿರುಗಿಸುವುದಾಗಿಯೂ ಹೇಳುತ್ತಾನೆ. ಸಾಲ, ಬಡ್ಡಿ, ಜೀತಗಳ ಊರಿನಲ್ಲಿ ಈ ಕಥೆಗೆ ಟೀಕೆ ಬೇಕಾಗಿರಲಿಲ್ಲ.

ಈ ಸೀಮೆಯ ಪ್ರೊಟೆಸ್ಟಂಟರಲ್ಲಿ ಬಹುಸಂಖ್ಯಾತರು ಮೆಥೋಡಿಸ್ಟರು. ಆದ್ದರಿಂದ ಆ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯ (1703–1791) ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಕೊಟ್ಟ ಸಾಮಾನ್ಯ ನಿಯಮಗಳು ಮೂರು ತಲೆಬರಹಗಳಲ್ಲಿ ಅಡಗಿವೆ: ಕೇಡು ಮಾಡದಿರುವುದು, ಆದಷ್ಟೂ ಒಳಿತು ಮಾಡುವುದು, ಆರಾಧನೆ ಮತ್ತು ಪ್ರಾರ್ಥನೆಯ ವಿಧಿಗಳನ್ನು ಬಿಡದಿರುವುದು. ಸುಮಾರು ಹನ್ನೆರಡು ಜನರ ಗುಂಪು ವಾರಕ್ಕೊಮ್ಮೆ ಸೇರಿ ಪ್ರತಿಯೊಬ್ಬನ ನಡತೆಯನ್ನು ವಿಚಾರಿಸುವ ಕ್ಲಾಸ್ ಪದ್ಧತಿಯೂ ಆ ಚಳವಳಿಯ ಗುರುತು. ಸಾಯುವ ಕೆಲವೇ ದಿನಗಳ ಮುಂಚೆ, 1791ರ ಫೆಬ್ರವರಿಯಲ್ಲಿ, ವೆಸ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದು ಬೆನ್ನು ತಟ್ಟಿದ. ಯೇಸುವಿನ ಮಾತನ್ನು ಅಕ್ಷರಶಃ ಗಂಭೀರವಾಗಿ ತೆಗೆದುಕೊಂಡರೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಸಾಕ್ಷಿ ಜರ್ಮನಿಯ ಪಾಲಕ ಡೀಟ್ರಿಕ್ ಬೊನ್‌ಹಾಫರ್. ಪರ್ವತ ಪ್ರಸಂಗವನ್ನು ಆಧರಿಸಿ 1937ರಲ್ಲಿ ಶಿಷ್ಯತ್ವದ ಬಗ್ಗೆ ಪುಸ್ತಕ ಬರೆದ ಈತನನ್ನು ಹಿಟ್ಲರನ ಆಡಳಿತ 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿತು.

ರೈಲಿನ ಜೊತೆ ಬಂದ ಸಭೆ

ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದ್ ನಿಜಾಮನ ಗುಲ್ಬರ್ಗಾ (ಕಲಬುರಗಿಯ ಆಗಿನ ಹೆಸರು) ವಿಭಾಗದಲ್ಲಿ ಕಲಬುರಗಿ, ರಾಯಚೂರು, ಬೀದರ್, ಉಸ್ಮಾನಾಬಾದ್ ಜಿಲ್ಲೆಗಳಿದ್ದವು. ಇದರೊಳಗೆ ಎಲ್ಲಕ್ಕಿಂತ ಹಳೆಯ ಕ್ರೈಸ್ತ ನೆಲೆ ಮುದಗಲ್ಲು. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲೇ, ಗೋವೆ ಕಡೆಯಿಂದ ಬಂದ ಯೇಸುಸಭೆಯವರಿಂದ (ಜೆಸ್ಯೂಟರಿಂದ) ಅಲ್ಲಿ ಕಥೋಲಿಕ ಸಮುದಾಯ ಬೆಳೆಯಿತು. ಆದರೆ ಕಲಬುರಗಿಯ ಕ್ರೈಸ್ತರ ಕಥೆ ಕೋಟೆ ಬಾಗಿಲಿನಿಂದ ಶುರುವಾಗುವುದಿಲ್ಲ, ರೈಲು ನಿಲ್ದಾಣದಿಂದ ಶುರುವಾಗುತ್ತದೆ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಹಾದಿ ಈ ಸೀಮೆಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿಕೊಂಡಿತು. ವಾಡಿಯಿಂದ ಸಿಕಂದರಾಬಾದಿನ ಕವಲು 1874ರಲ್ಲಿ ಆಯಿತು. 1870ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೆಥೋಡಿಸ್ಟ್ ಉಪದೇಶಕ ವಿಲಿಯಂ ಟೇಲರ್ ಮುಂಬೈ, ಪುಣೆ, ಮದ್ರಾಸ್, ಬೆಂಗಳೂರಿನಲ್ಲಿ ಇಂಗ್ಲಿಷ್ ಮಾತಾಡುವವರ ನಡುವೆ ಸಭೆಗಳನ್ನು ಕಟ್ಟಿದ. ರೈಲ್ವೆ ನೌಕರರು ಅವುಗಳ ದೊಡ್ಡ ಬಲ. ಆ ಹಾದಿಯಲ್ಲೇ ಮಿಶನರಿಗಳು ಕಲಬುರಗಿಗೆ ಬಂದಿಳಿದು, ನಿಧಾನವಾಗಿ ಕನ್ನಡ ಹಳ್ಳಿಗಳತ್ತ ಮುಖ ಮಾಡಿದರು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಹಾದು ಬೀದರಿಗೆ ಹೋಗುವ ರಸ್ತೆಯೇ ಮುಂದೆ ಸುವಾರ್ತೆಯ ಹಾದಿಯೂ ಆಯಿತು.

ಮೈಸೂರು ಸೀಮೆಯ ಮೆಥೋಡಿಸ್ಟರಿಗೂ ಇವರಿಗೂ ಒಂದು ವ್ಯತ್ಯಾಸವಿದೆ. ಅವರು ಬ್ರಿಟನ್ನಿನ ವೆಸ್ಲಿಯನ್ ಪರಂಪರೆಯವರು, 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ, ಎಂದರೆ ಸಿಎಸ್‌ಐಯಲ್ಲಿ, ಸೇರಿಹೋದರು. ಅಮೆರಿಕದ ಎಪಿಸ್ಕೋಪಲ್ ಶಾಖೆಯಿಂದ ಬಂದ ಕಲಬುರಗಿ–ಬೀದರಿನ ಮೆಥೋಡಿಸ್ಟರು ಸೇರದೆ ಹೊರಗುಳಿದರು. 1981ರಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಸ್ವತಂತ್ರ ಸಭೆಯಾದಾಗ ಅದರ ಭಾಗವಾದರು. ಇಂದಿಗೂ ಇಲ್ಲಿನ ಹಳ್ಳಿಗಳಲ್ಲಿ ಕ್ರೈಸ್ತರ ಮನೆ ಯಾವುದು ಎಂದರೆ ಹೆಚ್ಚಾಗಿ ಮೆಥೋಡಿಸ್ಟರ ಮನೆಯನ್ನೇ ತೋರಿಸುತ್ತಾರೆ.

ಕೈಯಲ್ಲಿ ಕನ್ನಡ ಬೈಬಲ್ ಇತ್ತು ಎಂಬುದು ಮಿಶನರಿಗಳಿಗೆ ದೊಡ್ಡ ಅನುಕೂಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎರಡು ದಶಕ ಶ್ರಮಿಸಿ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದ್ದ. ಅದೇ ಮಿಶನ್ನಿನ ವಿಲಿಯಂ ರೀವ್ ಕನ್ನಡ ಕೋಶ ಸಿದ್ಧಪಡಿಸಿದ. ಆದರೆ ಓದುವವರು ಎಲ್ಲಿ? ನಿಜಾಮನ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು; ಕನ್ನಡದಲ್ಲಿ ಕಲಿಸುವ ಶಾಲೆಗಳು ಬೆರಳೆಣಿಕೆಯಷ್ಟು. ಕಲಬುರಗಿಯ ನೂತನ ವಿದ್ಯಾಲಯ ಆರಂಭವಾದದ್ದು 1907ರಲ್ಲಿ. ಅಂಥ ಕಾಲದಲ್ಲಿ ಕೇರಿಯ ಹುಡುಗರು ಅಕ್ಷರ ಕಂಡದ್ದು ಸಭೆಯ ಶಾಲೆಯಲ್ಲಿ, ಸಂಡೇ ಸ್ಕೂಲಿನಲ್ಲಿ. ಓದು ಬಾರದ ಹೆಂಗಸರಿಗೆ ಮನೆಮನೆಗೆ ಹೋಗಿ ಸುವಾರ್ತೆ ಓದಿ ಹೇಳುತ್ತಿದ್ದವರು ಬೈಬಲ್ ವುಮನ್ ಎಂದು ಕರೆಸಿಕೊಳ್ಳುತ್ತಿದ್ದ ಸ್ಥಳೀಯ ಸ್ತ್ರೀಯರು. ಮಿಶನ್ ವರದಿಗಳಲ್ಲಿ ಇವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಸಾಲು, ಅದೂ ಎಷ್ಟೋ ಸಲ ಹೆಸರಿಲ್ಲದೆ.

ಕರಾವಳಿಯಲ್ಲಿ ಮತಾಂತರವಾದವರಿಗೆ ಜಾತಿಯ ಕಸುಬೂ ಮನೆಯೂ ತಪ್ಪಿಹೋದಾಗ ಬಾಸೆಲ್ ಮಿಶನ್ ನೇಯ್ಗೆಯ, ಹೆಂಚಿನ ಕಾರ್ಖಾನೆ ಹಾಕಿ ಅನ್ನದ ದಾರಿ ತೋರಿಸಿತು. ಕಲಬುರಗಿ ಸೀಮೆಯಲ್ಲಿ ಹಾಗಾಗಲಿಲ್ಲ. ಸಭೆ ಸೇರಿದ ಮಾದಿಗ, ಹೊಲೆಯ ಕುಟುಂಬಗಳು ಅದೇ ಕೇರಿಯಲ್ಲಿ, ಅದೇ ಗೌಡನ ಹೊಲದಲ್ಲಿ ಉಳಿದವು. ಇದು ಕಷ್ಟವೂ ಹೌದು, ಒಂದು ರೀತಿಯಲ್ಲಿ ಹೆಚ್ಚಿನ ಸತ್ವದ ಪರೀಕ್ಷೆಯೂ ಹೌದು. ಮಿಶನ್ ಕಂಪೌಂಡಿನ ಗೋಡೆಯೊಳಗೆ ಒಳ್ಳೆಯವನಾಗಿರುವುದು ಬೇರೆ, ನಿನ್ನೆ ಬೈದವನ ಹೊಲಕ್ಕೆ ಇವತ್ತು ಕಳೆ ತೆಗೆಯಲು ಹೋಗಿ ಅವನ ಬಗ್ಗೆ ದ್ವೇಷವಿಲ್ಲದೆ ಇರುವುದು ಬೇರೆ.

ರಮಾಬಾಯಿಯ ಶಾಲೆ

ಕಲಬುರಗಿಯ ಕ್ರೈಸ್ತ ಇತಿಹಾಸದಲ್ಲಿ ಅಖಿಲ ಭಾರತದ ಒಂದು ದೊಡ್ಡ ಹೆಸರು ಬರುತ್ತದೆ, ಊರಿನವರಿಗೇ ಅದು ಅಷ್ಟಾಗಿ ನೆನಪಿಲ್ಲ. ಪಂಡಿತಾ ರಮಾಬಾಯಿ (1858–1922) ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಪಂಡಿತರ ಸಿಟ್ಟಿಗೆ ಗುರಿಯಾದವರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡ ರಮಾಬಾಯಿ ಅಣ್ಣನ ಜೊತೆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದರು. 1878ರಲ್ಲಿ ಕೊಲ್ಕತ್ತದ ವಿದ್ವಾಂಸರು ಪಂಡಿತಾ ಎಂಬ ಬಿರುದು ಕೊಟ್ಟರು. ಮದುವೆಯಾದ ಎರಡೇ ವರ್ಷದಲ್ಲಿ ಗಂಡ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು.

ಆಮೇಲಿನ ಕೆಲಸವೇ ಅವರ ನಂಬಿಕೆಯ ವ್ಯಾಖ್ಯಾನ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಆಮೇಲೆ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಮಿಶನ್. 1890ರ ದಶಕದ ಕೊನೆಯ ಬರಗಾಲದಲ್ಲಿ ಹಸಿವಿನಿಂದ ಸಾಯುತ್ತಿದ್ದ, ಮಾರಾಟವಾಗುತ್ತಿದ್ದ ಹೆಣ್ಣುಮಕ್ಕಳನ್ನು ಅವರೇ ಖುದ್ದಾಗಿ ಹೋಗಿ ಕರೆತಂದರು. 1900ರ ಹೊತ್ತಿಗೆ ಅಲ್ಲಿ ಸಾವಿರದ ಐನೂರರಷ್ಟು ಜನರಿದ್ದರು. ಹೊಲಿಗೆ, ನೇಯ್ಗೆ, ಹೈನು, ಅಚ್ಚುಮೊಳೆ ಜೋಡಿಸುವುದು ಎಲ್ಲ ಕೆಲಸವನ್ನೂ ಹೆಂಗಸರೇ ಮಾಡುತ್ತಿದ್ದರು. ರಮಾಬಾಯಿ ಮೂಲ ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು.

1912ರಲ್ಲಿ ಅವರು ಮಗಳು ಮನೋರಮೆಯ ಜೊತೆಗೂಡಿ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಕ್ರೈಸ್ತ ಶಾಲೆಯನ್ನು ತೆರೆದರು. ಅದರ ಮೊದಲ ಮುಖ್ಯೋಪಾಧ್ಯಾಯಿನಿ ಮನೋರಮೆಯೇ. ನಿಜಾಮನ ರಾಜ್ಯದಲ್ಲಿ ಹೆಣ್ಣುಮಕ್ಕಳ ಓದಿಗೆ ಅತಿ ಹಿಂದೆ ಬಿದ್ದಿದ್ದ ಮೂಲೆಯನ್ನು ಹುಡುಕಿ ಬಂದದ್ದೇ ಇದರ ವಿಶೇಷ. ಮನೋರಮೆ 1921ರಲ್ಲಿ ತೀರಿಕೊಂಡರು, ಮರುವರ್ಷ ತಾಯಿಯೂ ಹೋದರು. ರಮಾಬಾಯಿ ಸಭಾಧಿಕಾರಿಗಳ ಮಾತಿಗೆ ಸುಮ್ಮನೆ ತಲೆಯಾಡಿಸಿದವರಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಧರ್ಮಗುರುಗಳೊಂದಿಗೂ ಸಹೋದರಿಯರೊಂದಿಗೂ ಅವರು ಪತ್ರಗಳಲ್ಲಿ ನೇರ ವಾದಕ್ಕಿಳಿದರು. ತನ್ನ ಮನಸ್ಸಾಕ್ಷಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಲಿಲ್ಲ. ಪ್ರಾಮಾಣಿಕ ಕ್ರೈಸ್ತ ಜೀವನವೆಂದರೆ ವಿಧೇಯತೆ ಮಾತ್ರ ಎಂದು ತಿಳಿದವರಿಗೆ ಈಕೆಯ ಬಾಳು ಸುಲಭದ ಉದಾಹರಣೆಯಲ್ಲ.

ರೋಗಿಯ ಪಕ್ಕ

ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದ ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಗೆ ಆ ಹೆಸರು ಬಂದದ್ದು ಅಮೆರಿಕದ ಟೆನೆಸಿ–ವರ್ಜೀನಿಯಾ ಭಾಗದ ಹೋಲ್‌ಸ್ಟನ್ ಮೆಥೋಡಿಸ್ಟ್ ಸಮ್ಮೇಳನದಿಂದ. ಬೀದರಿನ ಮಂಗಲಪೇಟೆಯಲ್ಲೂ ಮೆಥೋಡಿಸ್ಟರ ಚರ್ಚು, ಶಾಲೆ, ಆಸ್ಪತ್ರೆ ಒಟ್ಟೊಟ್ಟಿಗೆ ಬೆಳೆದವು. ಕರ್ನಾಟಕದ ಇತರ ಕಡೆಯ ಮಿಶನ್ ಆಸ್ಪತ್ರೆಗಳ ಸಾಲಿನಲ್ಲೇ ಇವು ನಿಲ್ಲುತ್ತವೆ: ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (1906), ಕೋಲಾರದ ಮೆಥೋಡಿಸ್ಟರ ಈಟಿಸಿಎಂ ಆಸ್ಪತ್ರೆ (1910), ಗದಗ–ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆ. ನಿಜಾಮನ ರಾಜ್ಯದ ತೆಲುಗು ಭಾಗದ ಡಿಚ್‌ಪಲ್ಲಿಯಲ್ಲಿ ವೆಸ್ಲಿಯನ್ ಮಿಶನ್ನಿನ ವೈದ್ಯೆ ಇಸಬೆಲ್ ಕೆರ್ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದರು.

ಇಂಥ ಆಸ್ಪತ್ರೆಗಳ ನಿಜವಾದ ಕ್ರಾಂತಿ ಔಷಧಿಯಲ್ಲಷ್ಟೇ ಇರಲಿಲ್ಲ. ಮುಟ್ಟಬಾರದವನೆಂದು ಊರು ದೂರ ಇಟ್ಟ ರೋಗಿಯ ಹುಣ್ಣನ್ನು ಒಬ್ಬಳು ನರ್ಸ್ ಕೈಯಿಂದ ತೊಳೆದು ಪಟ್ಟಿ ಕಟ್ಟುತ್ತಿದ್ದಳು, ಪಕ್ಕದ ಹಾಸಿಗೆಯಲ್ಲಿ ಮೇಲ್ಜಾತಿಯವನು ಮಲಗಿದ್ದ. ಯೋಹಾನನ 13ನೆಯ ಅಧ್ಯಾಯದಲ್ಲಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ವಾರ್ಡಿನಲ್ಲಿ ಬೇರೆ ಬೋಧಿಸುವ ಅಗತ್ಯ ಬೀಳುತ್ತಿರಲಿಲ್ಲ. ಕೇರಿಯ ಎಷ್ಟೋ ಹುಡುಗಿಯರು ನರ್ಸಿಂಗ್ ಕಲಿತದ್ದೂ, ಮನೆಗೆ ಮೊದಲ ತಿಂಗಳ ಸಂಬಳ ತಂದದ್ದೂ ಈ ದಾರಿಯಲ್ಲೇ. ವಿದೇಶಿ ಹಣ ಕಡಿಮೆಯಾಗಿ, ಪಟ್ಟಣಗಳಲ್ಲಿ ಖಾಸಗಿ ಆಸ್ಪತ್ರೆಗಳು ಏರಿದ ಮೇಲೆ ಮಿಶನ್ ಆಸ್ಪತ್ರೆಗಳ ಹಿಂದಿನ ವೈಭವ ಇಳಿಯಿತು.

ಕಲಬುರಗಿಯ ಅಧ್ಯಕ್ಷಪೀಠದಲ್ಲಿ ಒಬ್ಬ ಪಾಲಕ

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರ ಸೆಪ್ಟೆಂಬರಿನಲ್ಲಿ; ರಜಾಕಾರರ ಹಾವಳಿಯ, ಪೊಲೀಸ್ ಕಾರ್ಯಾಚರಣೆಯ ಗಾಯಗಳು ಇನ್ನೂ ಹಸಿ ಇದ್ದವು. ಅಂಥ ಹೊತ್ತಿನಲ್ಲಿ, ಇಪ್ಪತ್ತೊಂದು ವರ್ಷ ಹಿಂದೆ ಬಿ.ಎಂ. ಶ್ರೀಕಂಠಯ್ಯನವರು ಅಧ್ಯಕ್ಷರಾಗಿ ಕೂತಿದ್ದ ಅದೇ ಊರಿನಲ್ಲಿ, ಅಧ್ಯಕ್ಷರಾಗಿ ಬಂದವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು (1881–1962).

ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ, ಬಾಸೆಲ್ ಮಿಶನ್ನಿನ ಪಾಲಕರಾದ ಚೆನ್ನಪ್ಪನವರನ್ನು ಕನ್ನಡಿಗರು ನೆನೆಯುವುದು ಸರ್ವಜ್ಞನ ಮೂಲಕ. ಹಳ್ಳಿಹಳ್ಳಿ ಅಲೆದು, ಓಲೆಗರಿ ಹುಡುಕಿ, ಬಾಯಲ್ಲಿ ಉಳಿದದ್ದನ್ನು ಬರೆದುಕೊಂಡು ಅವರು ಸುಮಾರು ಎರಡು ಸಾವಿರ ತ್ರಿಪದಿಗಳನ್ನು 1924ರಲ್ಲಿ ಪ್ರಕಟಿಸಿದರು. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು. ಒಬ್ಬ ಪಾದ್ರಿ ಶೈವ ಪರಂಪರೆಯ ಕವಿಗಾಗಿ ಬೀದಿ ಸುತ್ತಿದ್ದು ಆ ಕಾಲದ ಕೆಲವು ಕ್ರೈಸ್ತರಿಗೆ ಸರಿಬರಲಿಲ್ಲ. ಇನ್ನೊಂದು ಕಡೆ, ಕ್ರೈಸ್ತನಿಗೆ ಶರಣರ ಉಸಾಬರಿ ಏಕೆ ಎಂದು ಕೇಳುವವರೂ ಇದ್ದರು. ಚೆನ್ನಪ್ಪನವರು ಇಬ್ಬರಿಗೂ ಕೆಲಸದಿಂದಲೇ ಉತ್ತರ ಕೊಟ್ಟರು. ಕಲ್ಯಾಣದ ಅನುಭವ ಮಂಟಪ ಕವಿಕಲ್ಪನೆ ಎಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಪುಸ್ತಕ ಬರೆದರು. ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರ ವಚನಗಳನ್ನು, ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು. ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಧೋರಣೆಯನ್ನು ತಿಳಿಸುತ್ತದೆ. ಅಪ್ಪಣೆಯಲ್ಲ, ವಿನಂತಿ.

ಕ್ರಿಸ್ತನನ್ನು ಪ್ರೀತಿಸುವುದಕ್ಕೆ ನೆರೆಯವನ ದೇವರನ್ನು ಹಳಿಯಬೇಕಿಲ್ಲ ಎಂಬ ನಿಲುವನ್ನು ಬಾಯಲ್ಲಿ ಹೇಳುವವರು ಬಹಳ. ಚೆನ್ನಪ್ಪನವರು ಹೇಳುವುದಕ್ಕಿಂತ ಹೆಚ್ಚಾಗಿ ಅದರಂತೆ ಬದುಕಿದರು, ಅದಕ್ಕೇ ಅವರ ಪಾಂಡಿತ್ಯವನ್ನು ಅವರ ಭಕ್ತಿಯಿಂದ ಬಿಡಿಸಿ ನೋಡಲಾಗದು. ಕನ್ನಡ ಕಾವ್ಯದಲ್ಲಿ ಈ ಸೌಹಾರ್ದದ ಇನ್ನೊಂದು ತುದಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳಿದ್ದಾರೆ. ಯೇಸುವಿನ ಕೊನೆಯ ದಿನವನ್ನು ಕುರಿತ ಅವರ ‘ಗೊಲ್ಗೊಥಾ’ ಕ್ರೈಸ್ತರಲ್ಲದ ಕವಿಯ ಕೈಯಿಂದ ಬಂದ ಕೃತಿ.

ಸಭೆಯ ವರ್ಷ

ಕಮಲಾಪುರದ ಸುತ್ತಿನ ಹಳ್ಳಿಗಳಂಥ ಕಡೆ ಭಾನುವಾರದ ಆರಾಧನೆ ಸರಳವಾಗಿರುತ್ತದೆ. ಚಪ್ಪಲಿ ಹೊರಗೆ, ಒಳಗೆ ಜಮಖಾನ. ಗಂಡಸರು ಒಂದು ಕಡೆ, ಸೆರಗು ಹೊದ್ದ ಹೆಂಗಸರು ಇನ್ನೊಂದು ಕಡೆ. ಹಾರ್ಮೋನಿಯಂ, ತಬಲ ಅಥವಾ ಡೋಲಕ್ಕು, ತಾಳ. ಪಾಶ್ಚಾತ್ಯ ರಾಗದ ಕೀರ್ತನೆಗಿಂತ ಭಜನೆಯ ಧಾಟಿಯ ಹಾಡಿಗೆ ದನಿ ಹೆಚ್ಚು ಏಳುತ್ತದೆ. ಪ್ರಸಂಗಕ್ಕಿಂತ ಸಾಕ್ಷಿ ಹೇಳುವ ಹೊತ್ತಿಗೆ ಜನ ಕಿವಿ ನಿಮಿರಿಸುತ್ತಾರೆ: ಕುಡಿತ ಬಿಟ್ಟದ್ದು, ಸಾಲ ತೀರಿದ್ದು, ಮುರಿದ ಮನೆ ಕೂಡಿದ್ದು.

ಕುಡಿತದ ಮಾತು ಇಲ್ಲಿ ಪದೇಪದೇ ಬರುವುದಕ್ಕೆ ಕಾರಣವಿದೆ. ಸೇಂದಿ, ಸಾರಾಯಿಗಳ ಅಬಕಾರಿ ನಿಜಾಮನ ಬೊಕ್ಕಸಕ್ಕೆ ದೊಡ್ಡ ಆದಾಯ, ಕೂಲಿಯವನ ಮನೆಗೆ ದೊಡ್ಡ ಪೆಟ್ಟು. ಮೆಥೋಡಿಸ್ಟ್ ಶಿಸ್ತು ಮೊದಲಿನಿಂದಲೂ ಮದ್ಯವನ್ನು ಖಂಡಿತವಾಗಿ ವಿರೋಧಿಸಿತು. ಸಭೆ ಸೇರಿದ ಗಂಡ ಕುಡಿತ ಬಿಟ್ಟನೋ ಇಲ್ಲವೋ ಎಂಬುದೇ ಹೆಂಡತಿಯ ಪಾಲಿಗೆ ಅವನ ನಂಬಿಕೆಯ ಪ್ರಮಾಣಪತ್ರ. ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿ ನಿಷೇಧಿಸಿತು. ಅದಕ್ಕೆ ಬಹಳ ಮೊದಲೇ ಈ ಜಗಳ ಕೇರಿಯ ಪ್ರಾರ್ಥನಾ ಕೂಟಗಳಲ್ಲಿ ನಡೆದಿತ್ತು.

ಪ್ರಭುಭೋಜನದ ಭಾನುವಾರ ಇನ್ನೊಂದು ಬಗೆಯ ಲೆಕ್ಕ ತೀರಿಸುವ ದಿನ. ನೆರೆಯವರೊಂದಿಗೆ ಪ್ರೀತಿಯಿಂದ ಇರುವವರು ಮಾತ್ರ ಹತ್ತಿರ ಬರಲಿ ಎಂಬ ಅರ್ಥದ ಆಹ್ವಾನ ಆ ಆರಾಧನಾ ಕ್ರಮದಲ್ಲೇ ಇದೆ. ಬದುವಿನ ಜಗಳ, ಮದುವೆಯ ಮನಸ್ತಾಪ ಇಟ್ಟುಕೊಂಡವರು ಎದ್ದು ಹೋಗದೆ ಕೂತಲ್ಲೇ ಉಳಿದರೆ ಇಡೀ ಸಭೆಗೆ ಗೊತ್ತಾಗುತ್ತದೆ. ಹಿರಿಯರು ಹಿಂದಿನ ದಿನವೇ ಇಬ್ಬರನ್ನೂ ಕೂರಿಸಿಕೊಂಡು, ‘ನಾಳೆ ರೊಟ್ಟಿ ಮುರಿಯೂದದ ತಮ್ಮಾ, ಮನಸ್ಸಿನ್ಯಾಗ ಇಟ್ಕೋಬ್ಯಾಡ’ ಎಂದು ರಾಜಿ ಮಾಡಿಸುವುದುಂಟು. ಪರ್ವತ ಪ್ರಸಂಗದ ಕಾಣಿಕೆ ಬಿಟ್ಟು ಹೋಗುವ ಮಾತಿಗೆ ಇದಕ್ಕಿಂತ ನೇರವಾದ ಆಚರಣೆ ಬೇರೆ ಸಿಗಲಾರದು.

ರಾಶಿಯ ನಂತರ ಬೆಳೆಹಬ್ಬ. ಜೋಳದ ತೆನೆ, ತೊಗರಿ, ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮೊಟ್ಟೆ ಎಲ್ಲ ದೇವರ ಮುಂದೆ ಬಂದು ಕೂರುತ್ತವೆ. ಕಲಬುರಗಿ ತೊಗರಿಗೂ ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇರುವ ಸೀಮೆ ಇದು. ಕಾಣಿಕೆಯ ಗುಡ್ಡೆಗೆ ಬಣ್ಣ ಕಡಿಮೆಯಿರುವುದಿಲ್ಲ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ತೆಂಗಿನಕಾಯಿ ಸಂತೆಯ ಬೆಲೆಯ ಹತ್ತು ಪಟ್ಟಿಗೆ ಹೋಗುತ್ತದೆ. ಕೊಂಡವನು ಅದನ್ನು ಮತ್ತೆ ಸಭೆಗೇ ಕೊಡುತ್ತಾನೆ, ಅದು ಮತ್ತೆ ಹರಾಜಿಗೆ ಬರುತ್ತದೆ. ನಗು, ಪೈಪೋಟಿ, ಬೀಗರ ಕಾಲೆಳೆಯುವುದು ಎಲ್ಲ ಇರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದ ಗುರುವಿನ ಹಬ್ಬದಲ್ಲಿ ದಾನ ಇಷ್ಟು ಗಟ್ಟಿ ದನಿಯಲ್ಲಿ ನಡೆಯುವುದು ಸೋಜಿಗವೇ. ಆದರೂ ಅದೇ ಗುಡ್ಡೆಯಲ್ಲಿ ಯಾರೋ ಮುದುಕಿ ಸೆರಗಿನಲ್ಲಿ ಕಟ್ಟಿ ತಂದ ಒಂದು ಸೇರು ಜೋಳವೂ ಇರುತ್ತದೆ. ಮಾರ್ಕನ ಸುವಾರ್ತೆಯ ಬಡ ವಿಧವೆಯ ಎರಡು ಕಾಸನ್ನು ಬಲ್ಲ ಪಾಲಕರು ಅದನ್ನೇ ಎತ್ತಿ ತೋರಿಸಿ ಹರಾಜಿಗೆ ಕಡಿವಾಣ ಹಾಕುತ್ತಾರೆ.

ವರ್ಷಕ್ಕೊಮ್ಮೆ ಜಾತ್ರೆ. ಗಡಿಯಾಚೆ ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಮೆಥೋಡಿಸ್ಟರ ಕ್ರೈಸ್ತ ಜಾತ್ರೆ 1920ರ ದಶಕದಿಂದ ನಡೆಯುತ್ತಿದೆ. ನವೆಂಬರಿನಲ್ಲಿ ತೆಲುಗರ ಜೊತೆ ಈ ಕಡೆಯ ಕನ್ನಡಿಗರೂ ಹೊರಡುತ್ತಾರೆ. ಮೊದಲು ಎತ್ತಿನ ಗಾಡಿ, ಈಗ ಟ್ರ್ಯಾಕ್ಟರ್, ಜೀಪು, ರೈಲು. ಮರದ ಕೆಳಗೆ ಬಿಡಾರ, ಮೂರು ಕಲ್ಲಿನ ಒಲೆ, ಪ್ರಸಂಗ, ಹಾಡು, ದೀಕ್ಷಾಸ್ನಾನ, ಹೆಣ್ಣು ನೋಡುವ ಮಾತುಕತೆ. ಜಾತ್ರೆ ನಮ್ಮದಲ್ಲ ಎಂದು ದೂರ ನಿಲ್ಲದೆ, ಜನರಿಗೆ ಗೊತ್ತಿದ್ದ ರೂಪದೊಳಗೆ ಸುವಾರ್ತೆಯನ್ನು ಇಟ್ಟದ್ದು ಮಿಶನ್ ಮಾಡಿದ ಜಾಣತನದ ಕೆಲಸಗಳಲ್ಲಿ ಒಂದು.

ಜಾತಿಯ ಪ್ರಶ್ನೆ

ಯೇಸುವಿನ ಬೋಧನೆ ಈ ನೆಲದಲ್ಲಿ ಎಲ್ಲಿ ಸೋತಿದೆ ಎಂದು ಕೇಳಿದರೆ ಬೆರಳು ಜಾತಿಯ ಕಡೆ ಹೋಗುತ್ತದೆ. ಪ್ರಭುಭೋಜನದ ಒಂದೇ ಬಟ್ಟಲಿನ ಮುಂದೆ ಎಲ್ಲರೂ ಸಮ ಎಂಬ ಮಾತು ಕೇರಿಯ ಜನರನ್ನು ಸಭೆಗೆ ಕರೆತಂದ ಮುಖ್ಯ ಕಾರಣ. ಆದರೆ ದಕ್ಷಿಣ ಭಾರತದ ಚರ್ಚುಗಳಲ್ಲಿ ಮದುವೆ ಸಂಬಂಧಗಳು ಹಳೆಯ ಜಾತಿಯ ಗೆರೆಯಲ್ಲೇ ನಡೆಯುವುದು, ಚುನಾವಣೆ ಮತ್ತು ಹುದ್ದೆಗಳಲ್ಲಿ ಆ ಗೆರೆ ಮತ್ತೆ ಕಾಣಿಸಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ದಲಿತ ದೇವಶಾಸ್ತ್ರ ಎಂಬ ಚಿಂತನೆ 1980ರ ದಶಕದಲ್ಲಿ ಹುಟ್ಟಿದ್ದೇ ಈ ನೋವಿನಿಂದ.

ಕಾನೂನು ಇನ್ನೊಂದು ಸಿಕ್ಕು ಹಾಕಿದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ಸಿಗಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ರಂಗನಾಥ ಮಿಶ್ರ ಆಯೋಗ 2007ರಲ್ಲಿ ಧರ್ಮದ ನಿರ್ಬಂಧ ತೆಗೆಯಲು ಶಿಫಾರಸು ಮಾಡಿತು. 2022ರಲ್ಲಿ ಇದೇ ಪ್ರಶ್ನೆಗೆ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು. ಇದರ ನಡುವೆ ಮನೆಯೊಳಗೆ ಪ್ರಾರ್ಥನೆ, ಕಾಗದದ ಮೇಲೆ ಹಳೆಯ ಜಾತಿ ಎಂಬ ಇಬ್ಬಂದಿ ಬದುಕು ಎಷ್ಟೋ ಕುಟುಂಬಗಳದು. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬಂತಿರಲಿ ಎಂದು ಪರ್ವತ ಪ್ರಸಂಗ ಕೇಳುತ್ತದೆ. ಮಗನ ವಿದ್ಯಾರ್ಥಿವೇತನದ ಅರ್ಜಿ ಇನ್ನೊಂದನ್ನು ಕೇಳುತ್ತದೆ. ಇದನ್ನು ಬರಿಯ ಕಪಟ ಎಂದು ತೀರ್ಪು ಕೊಡುವುದು ಹೊಟ್ಟೆ ತುಂಬಿದವರಿಗೆ ಸುಲಭ.

ಕ್ಷಮೆ ಮತ್ತು ಸೇವೆ

ವೈರಿಯನ್ನು ಪ್ರೀತಿಸುವ ಬೋಧನೆಗೆ ಭಾರತದ ಕ್ರೈಸ್ತರು ಇಂದು ಮೊದಲು ನೆನೆಯುವುದು ಒಡಿಶಾದ ಮನೋಹರಪುರವನ್ನು. 1999ರ ಜನವರಿಯಲ್ಲಿ ಅಲ್ಲಿ ಮಿಶನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಸುಟ್ಟು ಕೊಂದಾಗ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಬಹಿರಂಗವಾಗಿ ಹೇಳಿದರು, ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಲಬುರಗಿ ಸೀಮೆಯ ಪ್ರಸಂಗಗಳಲ್ಲೂ ಈ ಉದಾಹರಣೆ ಬರುತ್ತಿರುತ್ತದೆ, ಬೊನ್‌ಹಾಫರನ ಹೆಸರಿಗಿಂತ ಹೆಚ್ಚಾಗಿ.

ಮುದಗಲ್ಲನ್ನು ಬಿಟ್ಟರೆ ಕಥೋಲಿಕರ ಪಾಲು ಇಲ್ಲಿ ಹೊಸದು, ಆದರೆ ವೇಗದ್ದು. 2005ರ ಜೂನ್ 24ರಂದು ಹದಿನಾರನೆಯ ಬೆನೆಡಿಕ್ಟ್ ಪೋಪರು ಗುಲ್ಬರ್ಗಾ ಧರ್ಮಪ್ರಾಂತ್ಯವನ್ನು ರಚಿಸಿದರು. ಮಂಗಳೂರು ಕಡೆಯಿಂದ ಬಂದು ಸೇವೆ ಮಾಡುತ್ತಿದ್ದ ರಾಬರ್ಟ್ ಮೈಕಲ್ ಮಿರಾಂದಾ ಅದರ ಮೊದಲ ಬಿಷಪ್. ಕರಾವಳಿಯ ಕೊಂಕಣಿ ಮಾತಿನ ಗುರುಗಳು, ಕನ್ಯಾಸ್ತ್ರೀಯರು ಬಯಲುಸೀಮೆಯ ಜೋಳದ ರೊಟ್ಟಿಗೂ ಉರ್ದು ಬೆರೆತ ಕನ್ನಡಕ್ಕೂ ಒಗ್ಗಿಕೊಂಡು ಕೆಲಸ ಮಾಡಬೇಕಾಯಿತು. ಹುಮನಾಬಾದಿನ ಆರ್ಬಿಟ್ ಸಂಸ್ಥೆಯಂಥವು ಮಹಿಳೆಯರ ಸ್ವಸಹಾಯ ಗುಂಪು, ಅಂಗವಿಕಲರ ಹಕ್ಕು, ರೈತರ ತರಬೇತಿಯಲ್ಲಿ ತೊಡಗಿವೆ. ಇವುಗಳ ಫಲಾನುಭವಿಗಳಲ್ಲಿ ಬಹುಪಾಲು ಜನ ಕ್ರೈಸ್ತರಲ್ಲ. ಸಮಾರ್ಯದವನ ಕಥೆಯಲ್ಲೂ ಗಾಯಾಳುವಿನ ಜಾತಿ ಯಾರೂ ಕೇಳಿರಲಿಲ್ಲ ಎಂದು ಗುರುಗಳು ನೆನಪಿಸುತ್ತಾರೆ.

ಕಳೆದ ಕೆಲವು ದಶಕಗಳಲ್ಲಿ ಪೆಂಟೆಕೋಸ್ಟ್ ಮತ್ತು ಸ್ವತಂತ್ರ ಸಭೆಗಳು ಕಲಬುರಗಿಯ ಬಡಾವಣೆಗಳಲ್ಲಿ ಹಬ್ಬಿವೆ. ಉಪವಾಸ ಪ್ರಾರ್ಥನೆ, ಸ್ವಸ್ಥತೆಯ ಕೂಟ, ಧ್ವನಿವರ್ಧಕ ಅವುಗಳ ಗುರುತು. ಹಳೆಯ ಸಭೆಗಳ ತರುಣರು ಆ ಕಡೆ ಸರಿಯುತ್ತಿದ್ದಾರೆ ಎಂಬ ಚಿಂತೆ ಮೆಥೋಡಿಸ್ಟ್ ಹಿರಿಯರದು. ಅದ್ಭುತದ ಬೆನ್ನು ಹತ್ತಿದರೆ ಪರ್ವತ ಪ್ರಸಂಗ ಹಿಂದೆ ಉಳಿಯುತ್ತದೆ ಎಂಬ ಅವರ ತಕರಾರಿನಲ್ಲಿ ಹುರುಳಿದೆ. ಆದರೆ ಪ್ರಾರ್ಥನೆ ಕೇಳಿ ಬಂದ ರೋಗಿಯನ್ನು ರಾತ್ರಿಯಿಡೀ ಬಿಡದೆ ಕಾಯುವವರು ಆ ಸಣ್ಣ ಸಭೆಗಳಲ್ಲೂ ಇದ್ದಾರೆ.

ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹೋದಲ್ಲೂ ಕನ್ನಡದಲ್ಲಿ ಆರಾಧಿಸುವ ಸಭೆ ಹುಡುಕುತ್ತಾರೆ, ಇಲ್ಲದಿದ್ದರೆ ಯಾರದೋ ಶೆಡ್ಡಿನಲ್ಲಿ ಕೂಟ ಕಟ್ಟಿಕೊಳ್ಳುತ್ತಾರೆ. ಕ್ರಿಸ್‌ಮಸ್ಸಿಗೆ ಊರಿಗೆ ಬರುವಾಗ ಸಭೆಯ ಕಾಣಿಕೆಯನ್ನು ತಪ್ಪದೆ ತರುತ್ತಾರೆ. ಮೆಥೋಡಿಸ್ಟ್ ಪದ್ಧತಿಯಲ್ಲಿ ಪಾಲಕರ ನೇಮಕ ವರ್ಷದ ಸಮ್ಮೇಳನದಲ್ಲಿ ಬಿಷಪ್ಪರ ಕೈಯಲ್ಲಿರುತ್ತದೆ, ವರ್ಗಾವಣೆ ತಪ್ಪಿದ್ದಲ್ಲ. ಹೀಗೆ ಗಂಡಸರು ಗುಳೆ ಹೋಗಿ, ಪಾಲಕರು ಬದಲಾಗುತ್ತ ಇರುವಾಗ ಊರಿನ ಸಭೆಯನ್ನು ನಡೆಸಿಕೊಂಡು ಹೋಗುವುದು ಮಹಿಳಾ ಸಂಘ. ಸಂಡೇ ಸ್ಕೂಲಿನ ಮಕ್ಕಳಿಗೆ ಬೈಬಲ್ ವಚನ ಕಂಠಪಾಠ ಮಾಡಿಸುವುದು, ಬಾಣಂತಿಯ ಮನೆಗೆ ಬುತ್ತಿ ಕಳಿಸುವುದು, ಸತ್ತವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚಲು ಬಿಡದೆ ಅಡಿಗೆ ಮಾಡಿ ಒಯ್ಯುವುದು, ಚರ್ಚಿನ ಸುಣ್ಣಕ್ಕೆ ಹಣ ಕೂಡಿಸುವುದು ಎಲ್ಲವೂ ಅವರ ಪಾಲಿಗೆ ಬರುತ್ತದೆ. ಸಭೆಯ ಮಂಡಳಿಗಳಲ್ಲಿ ನಿರ್ಧಾರ ಮಾಡುವ ಕುರ್ಚಿಗಳು ಮಾತ್ರ ಹೆಚ್ಚಿನಂಶ ಗಂಡಸರ ಬಳಿಯೇ ಇವೆ. ಮೆಥೋಡಿಸ್ಟ್ ಸಭೆ ಸ್ತ್ರೀಯರಿಗೆ ಪಾಲಕ ದೀಕ್ಷೆ ಕೊಡುತ್ತದೆಯಾದರೂ ಈ ಸೀಮೆಯ ಹಳ್ಳಿ ಸಭೆಗಳಲ್ಲಿ ಪೀಠ ಹತ್ತುವ ಹೆಂಗಸರು ಈಗಲೂ ಕಡಿಮೆ.